ಚಾಪೆಯ ಕೆಳಗೆ ಇರದವನು

ಕೊನೆಯ ಲಾರಿ ಒಳಗೆ ಸೇರಿ, ಹಡಗಿನ ಹಿಂಬದಿಯ ಕಬ್ಬಿಣದ ಬಾಗಿಲು ಇನ್ನೇನು ಮೇಲೇಳಬೇಕು ಅನ್ನುವಾಗ ಸಲಾಫೈ ಬಂದಳು. ತಿಂಗಳಿಗೊಮ್ಮೆ, ಎರಡನೆಯ ಮಂಗಳವಾರ, ತಾನು ಹೆಣೆದ ಚಾಪೆಗಳನ್ನು ಹೊತ್ತುಕೊಂಡು ಆಚೆ ದ್ವೀಪದ ಸಂತೆಗೆ ಹೋಗುವ ಹೆಂಗಸು. ಆ ಮಂಗಳವಾರಕ್ಕೆ ಇಸಾಕೊ ಹಿಂದಿನ ದಿನವೇ ತಯಾರಾಗುತ್ತಿದ್ದ. ಟಿಕೆಟ್ ಹರಿಯುವ ಕೆಲಸವನ್ನು ಜೊತೆಗಾರ ಫೆಟುವಿಗೆ ದಾಟಿಸಿ ತಾನು ಎಂಜಿನ್ ಕೋಣೆಗೆ ಇಳಿದುಬಿಡುವುದು, ಅಲ್ಲಿ ಒರೆಸಿದ್ದನ್ನೇ ಒರೆಸುತ್ತ ಒಂದೂಕಾಲು ಗಂಟೆ ಕಳೆಯುವುದು. ಇವತ್ತು ಗುರುವಾರ. ಸಿಕ್ಕಿಬಿದ್ದ ಹಾಗಾಯಿತು. ಅವಳ ಕಂಕುಳಲ್ಲಿ ಚಾಪೆಯ ಸುರುಳಿ ಇರಲಿಲ್ಲ. ಹಗ್ಗ ಸುತ್ತಿದ ಹಳೆಯ ಸೂಟ್‌ಕೇಸ್ ಇತ್ತು, ಮೈಮೇಲೆ ಭಾನುವಾರದ ಬಿಳಿಯ ಬಟ್ಟೆ ಇತ್ತು. "ಆರಾಮಾ ಇಸಾಕೊ?" ಎಂದಳು, ಎಲ್ಲರನ್ನೂ ಕೇಳುವ ಹಾಗೆ. "ಹೂಂ ಅಮ್ಮಾ" ಎಂದ. ಮಗನ ಮೇಲೆ ಲಾರಿ ಹತ್ತಿಸಿದವನನ್ನು ಅವಳು ಆರಾಮಾ ಎಂದು ಕೇಳುತ್ತಾಳೆ, ಅವನು ಹೂಂ ಎನ್ನುತ್ತಾನೆ, ಹಡಗು ಹೊರಡುತ್ತದೆ. ತಪ್ಪಿ ಎದುರಾದಾಗಲೆಲ್ಲ ಹನ್ನೊಂದು ವರ್ಷದಿಂದ ಹೀಗೇ ನಡೆದುಬಂದಿತ್ತು, ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

"ಮುದುಕಿ ಆಕ್ಲೆಂಡಿಗೆ ಹೊರಟ್ಲಂತೆ ಕಣೋ" ಎಂದ ಫೆಟು, ಹಗ್ಗ ಸುತ್ತುತ್ತ. "ಮಗಳು ಕರೆಸ್ಕೊಂಡಿದಾಳೆ. ಇವತ್ತು ಸಂಜೆ ವಿಮಾನ. ಇನ್ನೇನು ವಾಪಸ್ ಬರ್ತಾಳಾ ಆ ವಯಸ್ಸಲ್ಲಿ? ಅಲ್ಲೇ ಚಳೀಲಿ ನಡುಗ್ತಾ ಕೂತಿರೋದು." ಆಮೇಲೆ ಇಸಾಕೊನ ಅಂಗಿಯೊಳಗೆ ಉಬ್ಬಿದ್ದ ಪುಸ್ತಕವನ್ನು ಬೆರಳಿನಿಂದ ತಟ್ಟಿದ. "ಏನ್ ಪಾದ್ರಿಗಳೇ, ಇವತ್ತು ಯಾವ ಕಳ್ಳ ಉದ್ಧಾರ ಆದ?"

ಇಸಾಕೊ ನಗಲಿಲ್ಲ. ಒಂದೂಕಾಲು ಗಂಟೆ, ಅಷ್ಟೇ. ಆಚೆ ದಡದ ಧಕ್ಕೆಯಿಂದ ವಿಮಾನ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಅಲ್ಲಿಂದ ಆಚೆಗೆ ಅವಳು ಅವನ ಪಾಲಿಗೆ ಇಲ್ಲ. ಇದರಿಂದ ಸಮಾಧಾನವಾಗಬೇಕಿತ್ತು, ಆಯಿತು ಕೂಡ, ನಿಜವಾಗಿ ಆಯಿತು. ಹಾಗಾದದ್ದಕ್ಕೇ ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದು ಪುಸ್ತಕಗಳ ದೆಸೆಯಿಂದ. ಮೊದಲಾಗಿದ್ದರೆ ಸಮಾಧಾನಪಟ್ಟು ಒಂದು ಬೀಡಿ ಸೇದಿ ಸುಮ್ಮನಾಗುತ್ತಿದ್ದ.

ಪುಸ್ತಕ ಓದುವ ಮನುಷ್ಯನಲ್ಲ ಅವನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಭಾನುವಾರ ಬೈಬಲಿನಲ್ಲಿ ಎಲ್ಲರ ಜೊತೆ ಬೆರಳಿಟ್ಟುಕೊಂಡು ಹೋಗುವುದು ಬಿಟ್ಟರೆ ಅಕ್ಷರದ ಗೊಡವೆ ಇರಲಿಲ್ಲ. ಹೋದ ವರ್ಷ ನ್ಯೂಜಿಲೆಂಡಿನಲ್ಲಿರುವ ನಮ್ಮ ಜನ ಚರ್ಚಿಗೆಂದು ಐದು ಪೆಟ್ಟಿಗೆ ಪುಸ್ತಕ ಕಳಿಸಿದರು, ನಮ್ಮ ಭಾಷೆಯಲ್ಲೇ ಅಚ್ಚಾದವು. ದಾರಿ ತಪ್ಪಿ, ಹಾಳಾಗಿ, ಮತ್ತೆ ಬದುಕು ತಿದ್ದಿಕೊಂಡವರ ಕಥೆಗಳು. ಹಡಗಿನಿಂದ ಇಳಿಸುವಾಗ ಒಂದು ಪೆಟ್ಟಿಗೆ ಅವನ ಕೈಯಿಂದಲೇ ಜಾರಿ ನೀರಿಗೆ ಬಿತ್ತು. ಪಾದ್ರಿಯಮ್ಮ, ಅಂದರೆ ನಮ್ಮ ಪಾದ್ರಿಗಳ ಹೆಂಡತಿ, ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ಬೀಳಿಸ್ದೋನೇ ಒಣಗಿಸ್ಬೇಕಪ್ಪಾ" ಎಂದಳು. ಉಪ್ಪುನೀರು ಕುಡಿದ ಹಾಳೆಗಳು ಒಣಗುವಾಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಒಂದೊಂದನ್ನೇ ಬಿಡಿಸಬೇಕು, ಗಾಳಿಗೆ ಹಿಡಿಯಬೇಕು, ಮಗುಚಬೇಕು. ಮೂರು ದಿನ ಚರ್ಚಿನ ಹಿಂದಿನ ಕಪ್ಪು ಕಲ್ಲುಗಳ ಮೇಲೆ ಕುಕ್ಕರಗಾಲಲ್ಲಿ ಕೂತು ಹಾಳೆ ಮಗುಚಿದ. ಹಾಳೆ ಒಣಗುವ ತನಕ ಕಣ್ಣು ಎಲ್ಲಾದರೂ ಇರಬೇಕಲ್ಲ. ಚಳಿಯ ಊರಿನ ಒಬ್ಬ ಕಳ್ಳ ತಾನು ಕದ್ದ ಮನೆಯ ಎದುರಿನ ರಸ್ತೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ, ಬಾಗಿಲು ತಟ್ಟಲೋ ಬೇಡವೋ ಎಂದು. ಮುಂದಿನ ಹಾಳೆ ಅಂಟಿಕೊಂಡಿತ್ತು. ಇಸಾಕೊ ಅದನ್ನು ಬಿಡಿಸುವ ಆತುರದಲ್ಲಿ ಹರಿದೇಬಿಟ್ಟ. ಹರಿದ ಎರಡು ತುಂಡುಗಳನ್ನು ಜೋಡಿಸಿ ಹಿಡಿದು, ತುಟಿ ಆಡಿಸುತ್ತ, ಕಳ್ಳ ಬಾಗಿಲು ತಟ್ಟಿದ್ದನ್ನು ಓದಿದಾಗ ಅವನಿಗೆ ಎದೆ ಹೊಡೆದುಕೊಂಡ ರೀತಿ ಹೇಗಿತ್ತೆಂದರೆ, ಎದ್ದು ನಿಂತು ಸುತ್ತ ಯಾರಾದರೂ ನೋಡಿದರೋ ಎಂದು ನೋಡಿದ.

ಆಮೇಲೆ ಅದು ಚಟವೇ ಆಯಿತು. ಕುಡುಕ ಕುಸ್ತಿಪಟುವಿನ ಕಥೆ, ಕೂಸನ್ನು ಬಿಟ್ಟು ಓಡಿದ ಹೆಂಗಸಿನ ಕಥೆ, ಅಣ್ಣನ ಮೇಲೆ ಸುಳ್ಳು ಸಾಕ್ಷಿ ಹೇಳಿದವನ ಕಥೆ. ಎಲ್ಲದರಲ್ಲೂ ಆ ಒಂದು ಪುಟ ಇರುತ್ತಿತ್ತು: ತಪ್ಪು ಮಾಡಿದವನು ತಾನೇ ಎದ್ದು ಹೋಗಿ ಬಾಗಿಲು ತಟ್ಟುವ ಪುಟ. ಇಸಾಕೊ ಮೊದಮೊದಲು ಅದನ್ನೇ ಹುಡುಕಿಕೊಂಡು ಹೋಗುತ್ತಿದ್ದ, ಮೀನಿನಲ್ಲಿ ಕೆನ್ನೆಯ ತುಂಡನ್ನಷ್ಟೇ ಕಿತ್ತು ತಿನ್ನುವವನ ಹಾಗೆ. ಪಾದ್ರಿಯಮ್ಮನಿಗೆ ಅದು ಗೊತ್ತಾಗಿಹೋಯಿತು. ಪುಸ್ತಕ ವಾಪಸ್ ಕೊಡುವಾಗ ಅವಳು ಕಥೆ ಹೇಳಿಸುತ್ತಿದ್ದಳು. "ಹೇಳಪ್ಪಾ, ಕೂಸು ಬಿಟ್ಟು ಹೋದ್ಲಲ್ಲ, ಆ ಊರಲ್ಲಿ ಏನ್ ಕೆಲಸ ಮಾಡ್ತಿದ್ಲು?" ಇಸಾಕೊ ತಲೆ ಕೆರೆದುಕೊಂಡ. "ಹನ್ನೆರಡು ವರ್ಷ ಹೋಟ್ಲಲ್ಲಿ ಬೇರೆಯವ್ರ ಹಾಸಿಗೆ ಬಟ್ಟೆ ಒಗೆದ್ಲು. ಅದನ್ನ ಬಿಟ್ಬಿಟ್ಟು ಅವಳು ಕೊನೇಲಿ ಅತ್ತಿದ್ದಷ್ಟೇ ಓದ್ಕೊಂಡ್ ಬಂದಿದೀಯ. ನಾಚಿಕೆ ಆಗ್ಬೇಕು. ತಗೊಂಡ್ ಹೋಗು, ಮೊದಲಿಂದ." ನಲವತ್ತೆರಡು ವರ್ಷದ ಗಂಡಸು, ಪೆಟ್ಟು ತಿಂದ ಹುಡುಗನ ಹಾಗೆ ಪುಸ್ತಕ ಎತ್ತಿಕೊಂಡು ಬಂದ. ಮೊದಲಿಂದ ಓದಿದ. ಹೋಟೆಲಿನ ಹಬೆಯಲ್ಲಿ ಆ ಹೆಂಗಸಿನ ಕೈ ಬೆಂದು ಸುಲಿದದ್ದು, ಪ್ರತಿ ಹಾಸಿಗೆಯ ಬಟ್ಟೆಯಲ್ಲೂ ಅವಳು ಮಕ್ಕಳ ವಾಸನೆ ಹುಡುಕಿದ್ದು. ಇಂಥದ್ದೆಲ್ಲ ಯಾರು ಬರೆಯುತ್ತಾರೆ, ಯಾಕೆ ಬರೆಯುತ್ತಾರೆ ಎಂದು ಬೆರಗಾಯಿತು. ಮಧ್ಯಾಹ್ನದ ಊಟದ ಹೊತ್ತು ಮೀರಿದ್ದು ಗೊತ್ತಾಗಲಿಲ್ಲ. ಎಲ್ಲಿಯೂ ಇಲ್ಲದ ಒಬ್ಬ ಹೆಂಗಸಿನ ಕೈಗೆ ತೆಂಗಿನೆಣ್ಣೆ ಹಚ್ಚಬೇಕು ಅನ್ನಿಸುವುದೆಂದರೆ ಏನು ಹುಚ್ಚು! ಅದು ಓದಿನ ಸುಖ ಎಂದು ಅವನಿಗೆ ಹೆಸರಿಟ್ಟು ಹೇಳಲು ಬರುತ್ತಿರಲಿಲ್ಲ. ಆದರೆ ಆ ಸುಖದ ಜೊತೆಜೊತೆಗೇ ಒಂದು ಮುಳ್ಳೂ ಒಳಗೆ ಇಳಿಯಿತು. ಹೋಟೆಲಿನ ಹೆಂಗಸಿನ ಕೈಯನ್ನು ಇಷ್ಟು ಕಾಣಬಲ್ಲವನಿಗೆ, ದೀವಿಹಲಸಿನ ಮರದ ಕೆಳಗಿನ ಹುಲ್ಲಿನ ಮೇಲೆ ಬಿದ್ದವನ ಕಣ್ಣು ಕಾಣದೆ ಇರುವುದು ಸಾಧ್ಯವಿರಲಿಲ್ಲ.

ಸಲಾಫೈಯ ಮಗ ವಿಲಿಯಾಮುವಿಗೆ ಆಗ ಹತ್ತೊಂಬತ್ತು. ಶನಿವಾರದ ಮಧ್ಯಾಹ್ನ. ಕೆಸುವಿನ ಗೆಡ್ಡೆ ತುಂಬಿದ ಲಾರಿ, ಇಳಿಜಾರು, ಹಿಡಿಯದ ಬ್ರೇಕು. ಇದಿಷ್ಟನ್ನು ಪೊಲೀಸರೂ ಕೋರ್ಟೂ ಊರೂ ಬಲ್ಲವು. ಅವರಿಗೆ ಗೊತ್ತಿಲ್ಲದ್ದು ಇಸಾಕೊ ಲಾರಿಯಿಂದ ಇಳಿದ ಮೇಲಿನದು. ಹುಡುಗ ಸತ್ತಿರಲಿಲ್ಲ. ಮಲಗಿದ್ದ, ಕಣ್ಣು ಬಿಟ್ಟಿದ್ದ. "ಇಸಾಕೊ ಅಣ್ಣಾ" ಎಂದ. ಆಮೇಲೆ, "ಅಮ್ಮನಿಗೆ ಹೇಳು" ಎಂದ. ಇಸಾಕೊ ಓಡಿದ. ಇಂಥ ಹೊತ್ತಿನಲ್ಲಿ ನಿಲ್ಲಬೇಡ, ಸತ್ತವನ ಕಡೆಯವರು ಕಲ್ಲೆತ್ತುವ ಮುಂಚೆ ಮನೆತನದ ಯಜಮಾನನ ಕಾಲಿಗೆ ಬೀಳು ಎಂದು ಡ್ರೈವರುಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳುವುದಿತ್ತು. ಓಡುವ ಕಾಲುಗಳು ಆ ಮಾತನ್ನು ನೆಪಕ್ಕೆ ಹಿಡಿದುಕೊಂಡವು. ಮನೆತನದ ಯಜಮಾನನಾದ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ಆಗ್ಲೇ ಹೋದ್ನಾ?" ಹೂಂ ಎಂದಿದ್ದ ಇಸಾಕೊ. ಮಾರನೆಯ ದಿನ ಬೆಳಕು ಹರಿಯುವ ಮುಂಚೆ ದೊಡ್ಡಪ್ಪ ಮನೆಯ ಅತ್ಯಂತ ನಯವಾದ ಚಾಪೆಯನ್ನು ತಲೆಯ ಮೇಲೆ ಹೊದ್ದು ಸಲಾಫೈಯ ಮನೆಯೆದುರು ಮೊಣಕಾಲೂರಿ ಕೂತ. ನಮ್ಮಲ್ಲಿ ಅದಕ್ಕೆ ಇಫೋಗಾ ಅನ್ನುತ್ತಾರೆ. ತಪ್ಪು ಮಾಡಿದವನ ಹಿರಿಯ ಕೂರುತ್ತಾನೆ. ಅವರು ಕಲ್ಲು ಹೊಡೆಯಬಹುದು, ಮಚ್ಚು ಎತ್ತಬಹುದು, ಇಲ್ಲಾ ಎದ್ದು ಬಂದು ಚಾಪೆ ತೆಗೆಯಬಹುದು. ಬಿಸಿಲೇರಿ ಇಳಿಯುವ ತನಕ ದೊಡ್ಡಪ್ಪ ಅಲ್ಲಾಡಲಿಲ್ಲ. ಮಧ್ಯಾಹ್ನದ ಮೇಲೆ ಸಲಾಫೈ ಜಗುಲಿಯ ಮೇಲಿಂದಲೇ ಕೇಳಿದಳಂತೆ, ನನ್ನ ಮಗ ನರಳಿದನೇ ಎಂದು. ಇಲ್ಲ ತಾಯಿ, ಆ ಕ್ಷಣವೇ, ಎಂದು ದೊಡ್ಡಪ್ಪ ಚಾಪೆಯೊಳಗಿಂದ ಹೇಳಿದನಂತೆ. ಆಗ ಅವಳ ಕಡೆಯವರು ಬಂದು ಚಾಪೆ ಎತ್ತಿದರು. ಇಸಾಕೊ ಆಗ ಚಿಕ್ಕಮ್ಮನ ಮನೆಯ ಅಡುಗೆಯ ಕೊಟ್ಟಿಗೆಯಲ್ಲಿ ಸೌದೆಯ ಹಿಂದೆ ಕೂತು ಕೋಕೋ ಕುಡಿಯುತ್ತಿದ್ದ. ಅದಕ್ಕೆ ಸಕ್ಕರೆ ಸಾಲದು ಅನ್ನಿಸಿದ್ದು ಈಗಲೂ ನೆನಪಿದೆ.

ಹೋದ ಭಾನುವಾರ ಊಟವಾದ ಮೇಲೆ ದೊಡ್ಡಪ್ಪ ಬೀಸಣಿಗೆ ಹಿಡಿದು ಅಡ್ಡಾಗಿದ್ದಾಗ ಇಸಾಕೊ ಮಾತು ತೆಗೆದಿದ್ದ.

"ದೊಡ್ಡಪ್ಪಾ, ಸಲಾಫೈ ಅಮ್ಮನ ಹತ್ರ ಒಂದು ಮಾತಾಡ್ಬೇಕು ಅಂತಿದೀನಿ."

"ಏನ್ ಮಾತೋ? ಆಗ್ಬೇಕಾದ್ದೆಲ್ಲ ಆಗೋಯ್ತಲ್ಲ."

"ವಿಲಿಯಾಮು ಆಗ್ಲೇ ಹೋಗಿರ್ಲಿಲ್ಲ. ಮಾತಾಡಿದ್ದ."

ಬೀಸಣಿಗೆ ನಿಂತಿತು. "ಹಂಗಾದ್ರೆ ಚಾಪೆ ಕೆಳಗೆ ಕೂತು ಸುಳ್ಳು ಹೇಳಿದೋನು ನಾನು ಅಂತಾಯ್ತು" ಎಂದ ದೊಡ್ಡಪ್ಪ, ಸೂರಿನ ಕಡೆ ನೋಡುತ್ತ.

"ನಿಮಗೆ ಗೊತ್ತಿರ್ಲಿಲ್ವಲ್ಲ."

"ಬಾಯಿ ಯಾರ್ದು? ನಂದು. ಇಪ್ಪತ್ತು ಮನೆಯವ್ರು ಕೇಳಿಸ್ಕೊಂಡಿದಾರೆ. ಆ ಹೆಂಗ್ಸು ಆ ಒಂದು ಮಾತಿನ ಮೇಲೆ ಹನ್ನೊಂದು ವರ್ಷ ಅನ್ನ ತಿಂದಿದಾಳೆ. ಅದನ್ನ ಈಗ ಕಿತ್ಕೊಳ್ತೀಯಾ? ಯಾಕೆ? ಯಾವನೋ ಕಳ್ಳ ಹೋಗಿ ಬಾಗಿಲು ತಟ್ಟಿದ ಅಂತ ಪುಸ್ತಕದಲ್ಲಿ ಓದಿದ್ಯಲ್ಲ, ಅದಕ್ಕಾ?" ದೊಡ್ಡಪ್ಪ ಎದ್ದು ಕೂತ. ದನಿ ಏರಿಸಲಿಲ್ಲ. "ನಿಂಗೆ ಹಗುರ ಆಗ್ಬೇಕು. ಅದಕ್ಕೆ ಅವಳ ತಲೆ ಮೇಲೆ ಹೊರೆಸ್ತೀಯ. ಹೋಗಪ್ಪಾ, ಹೋಗಿ ಹೇಳು. ನಾನಿನ್ನೊಂದ್ಸಲ ಬಿಸಿಲಲ್ಲಿ ಕೂತ್ಕೋತೀನಿ. ಈ ಸಲ ಅವ್ರು ಚಾಪೆ ಎತ್ತೋದಿಲ್ಲ ಅಷ್ಟೇ."

ಅವತ್ತಿನಿಂದ ಪುಸ್ತಕಗಳನ್ನು ಇಸಾಕೊ ಅನುಮಾನದಿಂದ ಓದತೊಡಗಿದ್ದ. ತಟ್ಟಿದವನು ಅಳುತ್ತಾನೆ, ಹಗುರಾಗುತ್ತಾನೆ, ಹೊಸ ಮನುಷ್ಯನಾಗಿ ರಸ್ತೆಗಿಳಿಯುತ್ತಾನೆ. ಬಾಗಿಲು ತೆಗೆದವರು? ಅವರು ಬಾಗಿಲು ಹಾಕಿಕೊಂಡು ಒಳಗೆ ಹೋಗಿ ಏನು ಮಾಡಿದರು, ಅವತ್ತು ಅಡುಗೆ ಮಾಡಿದರೇ, ಮಲಗಿದರೇ? ಒಂದು ಪುಸ್ತಕದಲ್ಲೂ ಇರಲಿಲ್ಲ. ಬರೆದವರ ಮೇಲೆ ಅವನಿಗೆ ನಿಜವಾಗಿ ಸಿಟ್ಟು ಬಂದಿತ್ತು. ಆದರೂ ಓದುವುದು ಬಿಡಲಾಗಲಿಲ್ಲ. ಇದು ಬೇರೆ ಅವಮಾನ.

ಹಡಗು ಬಂಡೆಸಾಲು ದಾಟಿ ತೆರೆದ ನೀರಿಗೆ ಬಿದ್ದು ಓಲಾಡತೊಡಗಿತು. ಇಸಾಕೊ ಮೇಲಿನ ಡೆಕ್ಕಿಗೆ ಹತ್ತಿದ, ಇಳಿದ, ಲಾರಿಗಳ ಸರಪಳಿ ಎಳೆದು ನೋಡಿದ, ಆಗಲೇ ನೋಡಿದ್ದನ್ನೇ ಮತ್ತೆ ನೋಡಿದ. ಪುಸ್ತಕ ತೆಗೆದ, ಒಂದೇ ಸಾಲನ್ನು ನಾಲ್ಕು ಸಲ ಓದಿ ಮುಚ್ಚಿದ. ಪ್ರಯಾಣಿಕರ ಸಾಲಿನಲ್ಲಿ ಸಲಾಫೈ ಕಿಟಕಿಯ ಪಕ್ಕ ಕೂತು ಎಣ್ಣೆಯಲ್ಲಿ ಕರಿದ ಉಂಡೆಯೊಂದನ್ನು ಮುರಿದು ತಿನ್ನುತ್ತಿದ್ದಳು, ಬಿಳಿಯ ಬಟ್ಟೆಗೆ ಎಣ್ಣೆ ತಾಗದ ಹಾಗೆ ಮುಂದಕ್ಕೆ ಬಾಗಿಕೊಂಡು. ನೆಮ್ಮದಿಯಾಗಿ ತಿನ್ನುತ್ತಿದ್ದಾಳೆ. ತಿನ್ನಲಿ. ಹೇಳದಿದ್ದರೆ ಅವಳು ಹೀಗೇ ತಿಂದುಕೊಂಡು ವಿಮಾನ ಹತ್ತುತ್ತಾಳೆ. ಹೇಳಿದರೆ? ಆದರೆ ಹುಡುಗ ಹೇಳು ಎಂದಿದ್ದನಲ್ಲ. ಅಮ್ಮನಿಗೆ ಹೇಳು ಎಂದು ಅವನ ಬಾಯಿಯಿಂದಲೇ ಬಂದಿತ್ತಲ್ಲ. ಅದು ಪುಸ್ತಕದ ಮಾತಲ್ಲ, ದೊಡ್ಡಪ್ಪನ ಮಾತಲ್ಲ, ಸತ್ತವನು ಒಪ್ಪಿಸಿಹೋದ ಕೆಲಸ. ಹನ್ನೊಂದು ವರ್ಷ ತಲುಪಿಸದೆ ಇಟ್ಟುಕೊಂಡ ಕಾಗದ. ಈ ಯೋಚನೆ ಬಂದದ್ದೇ ಅವನ ಕಾಲುಗಳಿಗೆ ಧೈರ್ಯ ಬಂತು. ಯೋಚನೆ ಸರಿಯೋ ತಪ್ಪೋ ಎಂದು ನೋಡುವ ಮುಂಚೆಯೇ ಅವನು ಅವಳ ಎದುರಿಗಿದ್ದ.

ಅಲ್ಲಿ ಅವನು ಒಂದು ದೊಡ್ಡ ಎಡವಟ್ಟು ಮಾಡಿದ. ಹಿರಿಯರ ಎದುರು ನಿಂತು ಮಾತಾಡುವುದು ನಮ್ಮಲ್ಲಿ ಒರಟುತನ, ಕೂತೇ ಮಾತಾಡಬೇಕು. ಬೆಂಚಿನಲ್ಲಿ ಜಾಗವಿತ್ತು. ಅವನು ನೆಲದ ಮೇಲೆ ಕೂತ. ಕೂತವನ ತಲೆ ತಗ್ಗಿತು. ಹಾಗೆ, ಅವಳ ಪಾದದ ಹತ್ತಿರ, ತಲೆ ತಗ್ಗಿಸಿ, ಮೊಣಕಾಲೂರಿ. ಸುತ್ತ ಗುಜುಗುಜು ನಿಂತಿತು. ಎದುರು ಸಾಲಿನ ಗಂಡಸೊಬ್ಬ ತಲೆಯ ಟೋಪಿ ತೆಗೆದ. ಹಿಂದೆ ಒಬ್ಬ ಹೆಂಗಸು, "ಅಯ್ಯೋ, ಇವರದ್ದು ಆವತ್ತೇ ಮುಗಿದಿರ್ಲಿಲ್ವಾ?" ಎಂದಳು. ಇನ್ನೊಬ್ಬಳು, "ಯಜಮಾನ ಇಲ್ದೆ ಇವನೊಬ್ನೇ ಕೂತಿದಾನಲ್ಲೇ, ಚಾಪೆನೂ ಇಲ್ಲ" ಎಂದಳು. ಯಾರೋ ಕಿಸಕ್ಕೆಂದರು. ಇಸಾಕೊನ ಕಿವಿ ಕಾದವು. ತಾನು ಮಾಡಿದ್ದೇನೆಂದು ಅವನಿಗೆ ಆಗ ಗೊತ್ತಾಯಿತು. ದೊಡ್ಡಪ್ಪನ ಆ ಇಡೀ ದಿನದ ಬಿಸಿಲನ್ನು ಇವನು ಒಂದು ಗಳಿಗೆಯಲ್ಲಿ ಕೆಲಸಕ್ಕೆ ಬಾರದ್ದು ಮಾಡಿದ್ದ.

"ಏಳೋ ಮೇಲೆ" ಎಂದಳು ಸಲಾಫೈ, ಹಲ್ಲು ಕಚ್ಚಿಕೊಂಡು. "ಏನಿದು ನಾಟಕ? ನಾವು ಚಾಪೆ ಎತ್ತಿದ್ದು ಸುಳ್ಳಾ ಹಂಗಾದ್ರೆ? ನಾನು ಊರು ಬಿಡೋ ದಿನ ನನ್ನ ಮಾನ ಕಳೀತೀಯಲ್ಲೋ. ಏಳು. ಇಲ್ಲಿ ಪಕ್ಕ ಕೂತ್ಕೊ, ಮನುಷ್ಯನ ಹಾಗೆ."

ಅವನು ಎದ್ದು ಬೆಂಚಿನ ಮೇಲೆ ಕೂತ. ಅವಳು ಎಲ್ಲರಿಗೂ ಕೇಳುವ ಹಾಗೆ ಜೋರಾಗಿ, "ಹಡಗಿನವನಿಗೂ ತಲೆ ಸುತ್ತು ಬರುತ್ತೆ ನೋಡಿ" ಎಂದಳು. ಜನ ನಕ್ಕರು, ಟೋಪಿ ತಲೆಗೆ ಮರಳಿತು, ಮಾತು ಮತ್ತೆ ಹತ್ತಿಕೊಂಡಿತು. ಅವಳು ಬಟ್ಟೆಯ ಗಂಟಿನಿಂದ ಇನ್ನೊಂದು ಉಂಡೆ ತೆಗೆದು ಅವನ ಕೈಗಿಟ್ಟಳು. ಆ ಕರುಣೆಯನ್ನು ಅವನಿಂದ ತಡೆಯಲಾಗಲಿಲ್ಲ. ಉಂಡೆಯನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು ಹೇಳಿಬಿಟ್ಟ.

"ಅಮ್ಮಾ, ವಿಲಿಯಾಮು ಆ ಕ್ಷಣಕ್ಕೇ ಹೋಗ್ಲಿಲ್ಲ. ದೊಡ್ಡಪ್ಪನಿಗೆ ಗೊತ್ತಿರ್ಲಿಲ್ಲ. ನಾನೇ ಅವ್ರಿಗೆ ಸುಳ್ಳು ಹೇಳಿದ್ದೆ."

ಸಲಾಫೈ ಸಮುದ್ರದ ಕಡೆ ತಿರುಗಿದಳು. ಅವಳು ಕಿರುಚಬಹುದು, ಹೊಡೆಯಬಹುದು. ಎರಡಕ್ಕೂ ಅವನು ಮೈ ಗಟ್ಟಿಮಾಡಿಕೊಂಡು ಕೂತಿದ್ದ. ಅವಳು ಕೇಳಿದ್ದು ಇದು:

"ಬಿಸಿಲಲ್ಲಿ ಬಿದ್ದಿದ್ನಾ?"

"ಇಲ್ಲ. ದೀವಿಹಲಸಿನ ಮರದ ಕೆಳಗೆ. ನೆರಳಿತ್ತು."

"ಅಂಗಾತ?"

"ಒಂದು ಮಗ್ಗುಲಾಗಿ. ಎಡಗೈ ತಲೆ ಕೆಳಗಿತ್ತು."

"ಹಂಗೇ ಮಲಗ್ತಿದ್ದ" ಎಂದಳು. "ಚಿಕ್ಕೋನಿದ್ದಾಗಿಂದ. ಕೈ ಜೋಮು ಹಿಡಿಯುತ್ತೆ ಅಂತ ನಾನು ಎಳೀತಿದ್ದೆ." ಆಮೇಲೆ ಕೇಳಿದಳು, ರಕ್ತ ಬಹಳ ಇತ್ತೇ, ಚಪ್ಪಲಿ ಕಾಲಲ್ಲಿದ್ದವೇ, ಇರುವೆ ಇದ್ದವೇ. ಒಂದೊಂದಕ್ಕೂ ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದ. ತನ್ನೊಳಗೆ ಅಷ್ಟೆಲ್ಲ ಉಳಿದಿತ್ತೆಂದು ಅವನಿಗೇ ಗೊತ್ತಿರಲಿಲ್ಲ. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ರಸ್ತೆಯ ಮೇಲೆ, ಅದರ ಪಟ್ಟಿಗೆ ತಂತಿ ಬಿಗಿದದ್ದು. ಅವಳು ಬಾಯಿ ಸ್ವಲ್ಪ ತೆರೆದುಕೊಂಡು ಕೇಳುತ್ತಿದ್ದಳು. ಹೇಳುತ್ತ ಹೇಳುತ್ತ ಅವನಿಗೆ, ಅಪಚಾರವೆಂದು ಗೊತ್ತಿದ್ದೂ, ಒಂದು ಬಗೆಯ ಹಿಗ್ಗು ಬಂತು. ತಾನು ಕಿತ್ತುಕೊಳ್ಳುತ್ತಿಲ್ಲ, ಕೊಡುತ್ತಿದ್ದೇನೆ ಅನ್ನಿಸಿತು. ದೊಡ್ಡಪ್ಪನದೇ ತಪ್ಪು, ಪುಸ್ತಕದವರೇ ಸರಿ. ಎಂಜಿನ್ನಿನ ಸದ್ದು ಇಳಿಯಿತು, ಧಕ್ಕೆ ಕಾಣುತ್ತಿತ್ತು.

"ಮಾತಾಡಿದ್ನಾ?" ಎಂದಳು ಸಲಾಫೈ, ಬಹಳ ಮೆತ್ತಗೆ.

ಇದಕ್ಕೇ ಅಲ್ಲವೇ ಅವನು ಬಂದದ್ದು? "ಹೂಂ ಅಮ್ಮಾ. ಇಸಾಕೊ ಅಣ್ಣಾ ಅಂದ. ಆಮೇಲೆ, ಅಮ್ಮನಿಗೆ ಹೇಳು ಅಂದ."

ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. ಉಂಡೆ ಕೆಳಗೆ ಬಿತ್ತು. ಅವನು ತಲೆಯೆತ್ತಿ ನೋಡಿದ. ಆ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಆಸೆ ಇತ್ತು. ಎಳೆಯ ಹುಡುಗಿಯ ಮುಖದ ಮೇಲೆ ಇರುವಂಥ ಆಸೆ.

"ಏನು ಹೇಳು ಅಂದ?"

ಹನ್ನೊಂದು ವರ್ಷ ಇಸಾಕೊ ಆ ಮಾತನ್ನು ಮುಗಿದ ಮಾತೆಂದೇ ತಿಳಿದುಕೊಂಡಿದ್ದ. ಅಮ್ಮನಿಗೆ ಹೇಳು, ಅಂದರೆ ಹೀಗಾಯಿತೆಂದು ಹೇಳು, ಅಷ್ಟೇ ಎಂದು. ಆ ಮಾತಿಗೆ ಮುಂದೆ ಒಂದು ಮಾತು ಇದ್ದಿರಬೇಕೆಂದು ಅವನಿಗೆ ಒಂದು ಸಲವೂ ಹೊಳೆದಿರಲಿಲ್ಲ. ಕೆಳಗಿನಿಂದ ಫೆಟು, "ಇಸಾಕೊ! ಹಗ್ಗ!" ಎಂದು ಕೂಗಿದ. ಜನ ಗಂಟುಮೂಟೆ ಎತ್ತಿಕೊಂಡು ಎದ್ದರು.

"ಹೇಳೋ" ಎಂದಳು. "ನಾನು ಬೈಯಲ್ಲ. ಯಾರಿಗೂ ಹೇಳಲ್ಲ. ಅಮ್ಮನಿಗೆ ಏನು ಹೇಳು ಅಂದ ನನ್ನ ಮಗ?"

"ಕೇಳೋಕೆ ನಾನು ನಿಲ್ಲಲಿಲ್ಲ ಅಮ್ಮಾ" ಎಂದ ಇಸಾಕೊ.

ಹಡಗು ಧಕ್ಕೆಗೆ ತಗುಲಿ ನಡುಗಿ ನಿಂತಿತು. ಸಲಾಫೈ ಅವನ ಕೈ ಬಿಡಲಿಲ್ಲ. ಅವಳು ಇನ್ನೂ ಅವನ ಬಾಯನ್ನೇ ನೋಡುತ್ತಿದ್ದಳು.